ಮೊದಲು ಸಂಪಿನ ಮುಚ್ಚಳ ತೆಗೆಸಿ

"ತಿಂಗಳಿಗೆ ಎಂಬತ್ತಾರು ಸಾವಿರ ಬಾಡಿಗೆ ಸಾರ್. ಕೂತ್ಕೊಂಡು ಉಣ್ಣಬಹುದು" ಎಂದ ಬ್ರೋಕರು.

ಮೇಷ್ಟ್ರ ಮುಖ ಅರಳಿತು. ಮಾಗಡಿ ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ಬಡಾವಣೆ, ಮೂವತ್ತು ನಲವತ್ತರ ಸೈಟು. ನೆಲಮಹಡಿಯ ಮೇಲೆ ಎರಡು ಅಂತಸ್ತು, ಅಂತಸ್ತಿಗೆರಡು ಮನೆ, ತಾರಸಿಯಲ್ಲೊಂದು ರೂಮು. ಮುಂಗೋಡೆಗೆ ಕಲ್ಲಿನಂತೆ ಕಾಣುವ ಟೈಲ್ಸ್, ಮೆಟ್ಟಿಲಿಗೆ ಸ್ಟೀಲ್ ಕಂಬಿ, ಹೊಸ ಬಣ್ಣದ ವಾಸನೆ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ಹೇಳಿದ ಬೆಲೆ ಎರಡು ಕೋಟಿ ನಲವತ್ತು ಲಕ್ಷ. ಮೇಷ್ಟ್ರು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ತಿಪಟೂರಿನ ಕಡೆಯ ತೆಂಗಿನ ತೋಟದಲ್ಲಿ ತಮ್ಮ ಪಾಲು ಮಾರಿ ಬಂದ ಹಣ, ನಿವೃತ್ತಿಯ ಗಂಟು ಎರಡೂ ಬ್ಯಾಂಕಿನಲ್ಲಿದ್ದವು. ಉಳಿದದ್ದಕ್ಕೆ ಮಗ ಸಾಲ ಮಾಡುತ್ತಾನೆ ಎಂಬ ಧೈರ್ಯ. ನನ್ನನ್ನು ಕರೆದುಕೊಂಡು ಹೋಗಿದ್ದು, ನಾನು ಇಪ್ಪತ್ತು ವರ್ಷದಿಂದ ನಾಲ್ಕು ಬಾಡಿಗೆ ಮನೆ ನೋಡಿಕೊಂಡು ತಲೆ ನರೆಸಿಕೊಂಡವನು ಎಂಬ ಕಾರಣಕ್ಕೆ.

"ಸಂಪಿನ ಮುಚ್ಚಳ ತೆಗೆಸಿ" ಎಂದೆ.

ಬ್ರೋಕರು ನಕ್ಕ. "ಬಂದೋರೆಲ್ಲ ಅಡುಗೆಮನೆ ನೋಡ್ತಾರೆ, ದೇವರಮನೆ ಯಾವ ದಿಕ್ಕಿಗಿದೆ ಅಂತಾರೆ. ನೀವೊಬ್ಬರು ಸಂಪು ಕೇಳ್ತೀರಲ್ಲ ಸಾರ್."

ಮುಚ್ಚಳ ಎತ್ತಿಸಿದೆವು. ಹೆಚ್ಚೆಂದರೆ ಆರು ಸಾವಿರ ಲೀಟರಿನ ಸಂಪು, ಅರ್ಧ ಖಾಲಿ. ಏಳು ಬಾಗಿಲು, ಮಕ್ಕಳುಮರಿ ಸೇರಿ ಇಪ್ಪತ್ತೆರಡು ಜನ. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಅಳತೆ. ಅಂದರೆ ದಿನಕ್ಕೆ ಹತ್ತಿರಹತ್ತಿರ ಮೂರು ಸಾವಿರ ಲೀಟರ್, ಸಂಪು ತುಂಬಿದ್ದರೂ ಎರಡೇ ದಿನ. ನೆಲಮಹಡಿಯ ಹೆಂಗಸು ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಕಾವೇರಿ ನೀರು ಯಾವಾಗ ಬಿಡ್ತಾರಮ್ಮ ಎಂದು ಕೇಳಿದೆ. "ವಾರಕ್ಕೆರಡು ಸಲ ಅಣ್ಣ. ಒಂದ್ಸಲ ತಪ್ಪಿದ್ರೆ ಟ್ಯಾಂಕರೇ." ಬೋರ್‌ವೆಲ್? "ಅದು ಬತ್ತಿ ಎರಡು ವರ್ಷ ಆಯ್ತು."

ಬ್ರೋಕರು ಫೋನ್ ಬಂದವನಂತೆ ಆಚೆ ಹೋದ.

2024ರ ಬೇಸಿಗೆಯಲ್ಲಿ ಬೆಂಗಳೂರು ಬಾಯಾರಿದ್ದು ಎಲ್ಲರಿಗೂ ನೆನಪಿದೆ. ಟ್ಯಾಂಕರಿನವರು ಬಾಯಿಗೆ ಬಂದಷ್ಟು ಕೇಳತೊಡಗಿದಾಗ ಜಿಲ್ಲಾಡಳಿತ ಮಧ್ಯೆ ಬಂದು ದರ ಕಟ್ಟಬೇಕಾಯಿತು: ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ ಒಂದು ಸಾವಿರ ರೂಪಾಯಿ. ಆ ದರಕ್ಕೆ ಟ್ಯಾಂಕರ್ ಸಿಕ್ಕಿದವರು ಪುಣ್ಯವಂತರು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ಹಿಂದೆ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆ ನೀರು ಕೊಡುವ ಏರ್ಪಾಡಾಯಿತು. ಆ ಕಡೆ ಕಟ್ಟಡ ಕೊಳ್ಳುವವರು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಪೈಪು ಬಂದಿದೆಯೇ ಎನ್ನುವುದು ಒಂದು, ನೀರು ಬರುತ್ತದೆಯೇ ಎನ್ನುವುದು ಇನ್ನೊಂದು. ಮಾರುವವರು ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದನ್ನೂ ಹೇಳಿದ ಹಾಗೆ ಮಾಡುತ್ತಾರೆ.

ಸ್ನಾನದ ಮನೆಯ ನಲ್ಲಿಯಲ್ಲಿ ನೀರು ಬಾರದಿದ್ದರೆ ಬಾಡಿಗೆದಾರರು ಹುಡುಕುವುದು ಪಾಲಿಕೆಯನ್ನಲ್ಲ, ಜಲಮಂಡಳಿಯನ್ನೂ ಅಲ್ಲ, ನಿಮ್ಮನ್ನು. ಕೂತು ಉಣ್ಣುವ ಮಾತು ಅಲ್ಲಿಗೆ ಮುಗಿಯಿತು. ಬಾಡಿಗೆ ಕಟ್ಟಡ ಕೊಳ್ಳುವವರು ಕೊಳ್ಳುವುದು ಒಂದು ಉದ್ಯೋಗವನ್ನು. ಇಷ್ಟು ಗೊತ್ತಿದ್ದೂ ಕೊಂಡವರು ಪರವಾಗಿಲ್ಲ. ಪಿಂಚಣಿ ಎಂದುಕೊಂಡು ಕೊಂಡವರು ಅನುಭವಿಸುತ್ತಾರೆ.

ವಠಾರದ ಓನರಮ್ಮ

ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಮಧ್ಯದಲ್ಲಿ ಉದ್ದನೆಯ ಅಂಗಳ, ಎರಡೂ ಕಡೆ ಸೇರಿ ಎಂಟು ಮನೆ, ಕೊನೆಯಲ್ಲಿ ಎರಡು ಕಕ್ಕಸು, ಒಂದು ನಲ್ಲಿ. ರಸ್ತೆಯ ಕಡೆಗಿದ್ದ ದೊಡ್ಡ ಮನೆಯಲ್ಲಿ ಓನರಮ್ಮ. ರಾತ್ರಿ ಹತ್ತಕ್ಕೆ ಅಂಗಳದ ದೀಪ ಆರಿಸುವವರು, ಯಾರ ಮನೆಗೆ ನೆಂಟರು ಬಂದರು, ಎಷ್ಟು ದಿನ ಉಳಿದರು, ಎಷ್ಟು ಬಿಂದಿಗೆ ನೀರು ಹೆಚ್ಚಾಯಿತು ಎಂದು ಎಣಿಸುವವರು ಅವರೇ. ನಮಗೆ ಅವರೆಂದರೆ ಆಗುತ್ತಿರಲಿಲ್ಲ. ಆದರೆ ಆ ವಠಾರದಲ್ಲಿ ನಲ್ಲಿ ಕೆಟ್ಟರೆ ಸಂಜೆಯೊಳಗೆ ಸರಿಯಾಗುತ್ತಿತ್ತು, ಹೆಂಚು ಒಡೆದರೆ ಮಳೆಗಾಲಕ್ಕೆ ಮುಂಚೆ ಬದಲಾಗುತ್ತಿತ್ತು, ಒಂದು ಮನೆಯೂ ತಿಂಗಳುಗಟ್ಟಲೆ ಖಾಲಿ ಬಿದ್ದದ್ದಿಲ್ಲ. ಹೂಡಿಕೆ ಎಂಬ ಮಾತು ಅವರ ಬಾಯಲ್ಲಿ ಬಂದದ್ದು ನಾನು ಕೇಳಿಲ್ಲ. ಅವರು ಅಲ್ಲೇ ಇದ್ದರು, ಅಷ್ಟೇ. ಬಾಡಿಗೆ ಕಟ್ಟಡಕ್ಕೆ ಅದಕ್ಕಿಂತ ದೊಡ್ಡ ಬಂಡವಾಳ ಬೇರೆ ಇಲ್ಲ ಎಂದು ನನಗೆ ತಿಳಿಯುವಷ್ಟರಲ್ಲಿ ವಠಾರವನ್ನೇ ಕೆಡವಿಯಾಗಿತ್ತು.

ಈಗ ಆ ವಠಾರವನ್ನೇ ನೆಟ್ಟಗೆ ಎತ್ತಿ ನಿಲ್ಲಿಸಿ ಮೂವತ್ತು ನಲವತ್ತರ ಕಟ್ಟಡ ಮಾಡಿದ್ದೇವೆ. ಅಂಗಳ ಹೋಗಿ ಮೆಟ್ಟಿಲು ಬಂತು. ಓನರಮ್ಮನ ಜಾಗಕ್ಕೆ ವಾಟ್ಸ್ಯಾಪ್ ಗುಂಪು ಬಂತು. ಮಾಲೀಕರು ಇನ್ನೆಲ್ಲೋ ಇರುತ್ತಾರೆ.

ಮೇಷ್ಟ್ರು ಮಾಡದ ಲೆಕ್ಕ

ಸಂಪು ನೋಡಿದ ಮೇಲೆ ಎದುರಿಗಿದ್ದ ದರ್ಶಿನಿಯಲ್ಲಿ ಕಾಫಿ ತರಿಸಿ, ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆವು. ಬಡ್ಡಿ ಲೆಕ್ಕವನ್ನು ಜೀವಮಾನವಿಡೀ ಕಲಿಸಿದವರು ಆವರೆಗೆ ಮಾಡಿದ್ದು ಒಂದೇ ಗುಣಾಕಾರ: ಎಂಬತ್ತಾರು ಸಾವಿರ ಇಂಟು ಹನ್ನೆರಡು. ವರ್ಷಕ್ಕೆ 10,32,000. ಅದನ್ನು ಎರಡು ಕೋಟಿ ನಲವತ್ತು ಲಕ್ಷದಿಂದ ಭಾಗಿಸಿದರೆ ನೂರಕ್ಕೆ 4.3. "ಪರವಾಗಿಲ್ಲ ಅಲ್ವೇ?" ಎಂದರು.

ಮೊದಲು ಬೆಲೆಯನ್ನೇ ತಿದ್ದಬೇಕು. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಹಿಂದೆ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2. ಒಟ್ಟು ಶೇ 7.6, ಅಂದರೆ ಈ ಕಟ್ಟಡಕ್ಕೆ ಹದಿನೆಂಟು ಲಕ್ಷದ ಮೇಲೆ. ಕೈಬಿಟ್ಟು ಹೋಗುವ ಹಣ ಎರಡು ಕೋಟಿ ಐವತ್ತೆಂಟು ಲಕ್ಷ. ಐವತ್ತು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಆಸ್ತಿ ಕೊಳ್ಳುವವರು ಬೆಲೆಯ ಶೇ 1ರಷ್ಟು ಹಿಡಿದುಕೊಂಡು, ಮಾರುವವರ ಪಾಲಿನ ಆದಾಯ ತೆರಿಗೆಯಾಗಿ ಸರ್ಕಾರಕ್ಕೆ ಕಟ್ಟಬೇಕು. ಇದು ಹೆಚ್ಚುವರಿ ಖರ್ಚಲ್ಲ, ಆದರೆ ಮರೆತರೆ ನೋಟಿಸು ಬರುವುದು ಕೊಂಡವರಿಗೆ.

ಆಮೇಲೆ ಬಾಡಿಗೆಯನ್ನು ತಿದ್ದಬೇಕು. ಮನೆ ಖಾಲಿಯಾಗುತ್ತದೆ, ಬಣ್ಣ ಬಳಿಸಬೇಕು, ಹೊಸಬರು ಬರುವತನಕ ಕಾಯಬೇಕು. ಒಂದೊಂದು ಮನೆಗೆ ವರ್ಷದಲ್ಲಿ ಒಂದು ತಿಂಗಳು ಖಾಲಿ ಎಂದಿಟ್ಟುಕೊಂಡರೆ 86,000 ಹೋಯಿತು. ಪೈಪು, ಮೋಟರ್, ತಾರಸಿಗೆ ಅರವತ್ತು ಸಾವಿರ. ಮೆಟ್ಟಿಲು ಗುಡಿಸುವವರಿಗೆ, ಹೊರಗಿನ ದೀಪಕ್ಕೆ ತಿಂಗಳಿಗೆ ಮೂರು ಸಾವಿರ. ಬೇಸಿಗೆಯ ಟ್ಯಾಂಕರಿಗೆ ಇಪ್ಪತ್ತು ಸಾವಿರ. ಆಸ್ತಿ ತೆರಿಗೆಗೆ ಮೂವತ್ತು ಸಾವಿರ ಎಂದು ಹಿಡಿದೆವು. 2008ರಲ್ಲಿ ಪಾಲಿಕೆ ತಂದ ಪದ್ಧತಿಯಲ್ಲಿ, ಒಂದೇ ಮನೆಗೆ ಮಾಲೀಕರೇ ವಾಸವಿದ್ದರೆ ಒಂದು ದರ, ಬಾಡಿಗೆಗೆ ಕೊಟ್ಟರೆ ಅದರ ದುಪ್ಪಟ್ಟು. ಮಾರುವವರು ತೋರಿಸುವ ರಶೀದಿಯಲ್ಲಿ ‘ಸ್ವಂತ ವಾಸ’ ಎಂದಿದ್ದರೆ ಅವರ ತೆರಿಗೆ ನೋಡಿ ಖುಷಿಪಡಬೇಡಿ. ಇದನ್ನೆಲ್ಲ ಕಳೆದರೆ ಉಳಿಯುವುದು ಸರಿಯಾಗಿ ಎಂಟು ಲಕ್ಷ. ಎರಡು ಕೋಟಿ ಐವತ್ತೆಂಟು ಲಕ್ಷದ ಮೇಲೆ ನೂರಕ್ಕೆ ಮೂರು ಚಿಲ್ಲರೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಹಣ ಈಗಿರುವ ಬ್ಯಾಂಕೇ ಇದಕ್ಕಿಂತ ಹೆಚ್ಚು ಬಡ್ಡಿ ಕೊಡುತ್ತಿತ್ತು.

ಇನ್ನು ಮಗನ ಸಾಲ. ಒಂದೂವರೆ ಕೋಟಿ, ಇಪ್ಪತ್ತು ವರ್ಷ, ಬಡ್ಡಿ ಎಂಟೂವರೆ ಎಂದಿಟ್ಟುಕೊಳ್ಳಿ. ಲಕ್ಷಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ, ಒಟ್ಟು ಒಂದು ಲಕ್ಷದ ಮೂವತ್ತು ಸಾವಿರ. ಏಳೂ ಬಾಗಿಲಿನ ಬಾಡಿಗೆ ಒಂದು ರೂಪಾಯಿ ಖರ್ಚಿಲ್ಲದೆ ಕೈಗೆ ಬಂದರೂ ತಿಂಗಳಿಗೆ ನಲವತ್ತನಾಲ್ಕು ಸಾವಿರ ಕಡಿಮೆ. ‘ಬಾಡಿಗೆಯಲ್ಲೇ ಇಎಂಐ ತೀರಿಹೋಗುತ್ತೆ’ ಎನ್ನುವುದು ನಮ್ಮೂರಿನ ಅತಿ ಜನಪ್ರಿಯ ಸುಳ್ಳು. ಇದೇ ಕಟ್ಟಡದಲ್ಲಿ ಆ ಮಾತು ನಿಜವಾಗಬೇಕಾದರೆ ಸಾಲ ಎಪ್ಪತ್ತೈದು ಲಕ್ಷದ ಒಳಗಿರಬೇಕು. ರಾತ್ರಿ ನಿದ್ದೆಯೂ ಬರಬೇಕೆಂದರೆ ಅರವತ್ತು.

ಹಾಗಾದರೆ ಯಾರೂ ಕೊಳ್ಳಬಾರದೇ ಎಂದರೆ ಹಾಗಲ್ಲ. ಠೇವಣಿಯ ಅಸಲು ಇಪ್ಪತ್ತು ವರ್ಷದ ಮೇಲೂ ಅಷ್ಟೇ ಇರುತ್ತದೆ, ಬಾಡಿಗೆ ಏರುತ್ತದೆ, ನೆಲದ ಬೆಲೆಯೂ ಏರುವ ಸಂಭವ ಹೆಚ್ಚು. ಆದರೆ ಏರುವುದು ನೆಲ, ಕಟ್ಟಡವಲ್ಲ. ಕಟ್ಟಡ ವರ್ಷವರ್ಷಕ್ಕೆ ಹಳೆಯದಾಗುತ್ತದೆ. ಆದ್ದರಿಂದ ಬೆಲೆ ಚೌಕಾಸಿ ಮಾಡುವಾಗ ಎರಡನ್ನೂ ಬಿಡಿಸಿ ಕೇಳಿ: ಇಲ್ಲಿ ಖಾಲಿ ಸೈಟು ಅಡಿಗೆಷ್ಟು, ಕಟ್ಟಡ ಎಷ್ಟು ಚದರ, ಚದರಕ್ಕೆ ಇವತ್ತು ಕಟ್ಟಲು ಎಷ್ಟು ತಗಲುತ್ತದೆ, ಇದು ಎಷ್ಟು ಹಳೆಯದು. ನಾಲ್ಕು ಉತ್ತರ ಕೂಡಿಸಿದರೆ ಬರುವ ಮೊತ್ತಕ್ಕೂ ಕೇಳುವ ಬೆಲೆಗೂ ಇರುವ ಅಂತರವೇ ಆ ಹೊಸ ಬಣ್ಣದ, ಕಲ್ಲಿನಂಥ ಟೈಲ್ಸಿನ ಬೆಲೆ.

ಆದಾಯ ತೆರಿಗೆಯ ವಿಷಯ ಚುಟುಕಾಗಿ. ಬಾಡಿಗೆಯಿಂದ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30ನ್ನು ರಿಪೇರಿ ಮಾಡಿಸಿದರೂ ಮಾಡಿಸದಿದ್ದರೂ ಕಳೆಯಲು ಬಿಡುತ್ತಾರೆ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಹಳೆಯ ಪದ್ಧತಿಯಲ್ಲಿ, ಬಡ್ಡಿಯಿಂದ ಆದ ನಷ್ಟದಲ್ಲಿ ವರ್ಷಕ್ಕೆ ಎರಡು ಲಕ್ಷದವರೆಗೆ ಸಂಬಳದ ಆದಾಯದಿಂದ ಕಳೆದುಕೊಳ್ಳಬಹುದಿತ್ತು. ಈಗ ತಾನಾಗಿಯೇ ಅನ್ವಯವಾಗುವ ಹೊಸ ಪದ್ಧತಿಯಲ್ಲಿ ಆ ಸೌಲಭ್ಯವಿಲ್ಲ. ‘ಟ್ಯಾಕ್ಸ್ ಉಳಿಯುತ್ತೆ’ ಎಂದು ಸಾಲ ಮಾಡಿಸುವವರು ಇದನ್ನು ಹೇಳುವುದಿಲ್ಲ.

ಬಾಡಿಗೆ ಬರದ ಮನೆಗಳು

ಮುಖ್ಯ ವಿಷಯ ಗೊತ್ತಾದದ್ದು ಅದರ ಮಾರನೆಯ ದಿನ. ಮೇಷ್ಟ್ರಿಗೆ ನಾನು ಹೇಳಿದ್ದೆ, ಬ್ರೋಕರಿಲ್ಲದೆ ಸಂಜೆ ಹೊತ್ತು ಒಬ್ಬರೇ ಹೋಗಿ, ಕಟ್ಟಡದ ಪಕ್ಕದ ಇಸ್ತ್ರಿ ಅಂಗಡಿಯವನ ಹತ್ತಿರ ಕೂತು ಬನ್ನಿ ಎಂದು. ಯಾವ ಮನೆಯವರು ಯಾವಾಗ ಬಂದರು, ಯಾಕೆ ಬಿಟ್ಟರು, ಯಾರಿಗೂ ಓನರಿಗೂ ಜಗಳ ಎಂಬ ಚರಿತ್ರೆ ಅವನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಮೇಷ್ಟ್ರು ಎರಡು ಶರ್ಟು ಕೊಟ್ಟು ಬಂದರು, ಸುದ್ದಿ ತಂದರು. ಮೊದಲನೆಯ ಮಹಡಿಯ ಎರಡೂ ಮನೆ ಬಾಡಿಗೆಗಿಲ್ಲ, ಲೀಸಿಗಿವೆ. ತಲಾ ಏಳು ಲಕ್ಷ.

ಲೀಸು ಎಂದರೆ ನಮ್ಮ ಹಳೆಯ ಭೋಗ್ಯ. ಬಾಡಿಗೆದಾರರು ಒಂದಿಷ್ಟು ಲಕ್ಷ ಒಟ್ಟಿಗೆ ಕೊಟ್ಟು ಎರಡೋ ಮೂರೋ ವರ್ಷ ಬಾಡಿಗೆಯಿಲ್ಲದೆ ಇರುತ್ತಾರೆ. ಅವಧಿ ಮುಗಿದಾಗ ಪೂರ್ತಿ ಹಣ ವಾಪಸು. ಮನೆ ಕಟ್ಟುವಾಗ ಕೈ ಬರಿದಾದ ಮಾಲೀಕರು ಕೆಳಗಿನ ಮಹಡಿ ಲೀಸಿಗೆ ಕೊಟ್ಟು ಆ ಹಣದಲ್ಲಿ ಮೇಲಿನ ಮಹಡಿ ಎಬ್ಬಿಸುವುದು ಬೆಂಗಳೂರಿನ ಹಳೆಯ ಜಾಣತನ. ಹಳಬರು ಹಣ ಕೇಳಿದಾಗ ಹೊಸ ಲೀಸಿನವರನ್ನು ಹಿಡಿದು ತಂದು ತೀರಿಸುತ್ತಾರೆ. ಚಕ್ರ ತಿರುಗುವಷ್ಟು ದಿನ ಸರಿ.

ಎಂಬತ್ತಾರು ಸಾವಿರದಲ್ಲಿ ಇಪ್ಪತ್ತಾರು ಸಾವಿರ ಬರುತ್ತಲೇ ಇರಲಿಲ್ಲ ಎಂದಾಯಿತು. ‘ಬರಬಹುದಾದ’ ಬಾಡಿಗೆಯನ್ನು ‘ಬರುವ’ ಬಾಡಿಗೆ ಎಂದು ಹೇಳಿದ್ದರು. ಅದಕ್ಕಿಂತ ಕೆಟ್ಟದ್ದು ಆ ಹದಿನಾಲ್ಕು ಲಕ್ಷ. ಅದನ್ನು ಈಗಿನ ಮಾಲೀಕರು ತಿಂದಾಗಿದೆ, ಹಿಂದಿರುಗಿಸಬೇಕಾದವರು ಮುಂದಿನ ಮಾಲೀಕರು. ಬಾಡಿಗೆದಾರರಿರುವ ಕಟ್ಟಡ ಕೊಂಡರೆ ಒಪ್ಪಂದಗಳೂ ಕಟ್ಟಡದ ಜೊತೆಗೇ ಕೈಬದಲಾಗುತ್ತವೆ. ಉಳಿದ ನಾಲ್ಕು ಮನೆ, ಒಂದು ರೂಮಿನ ಅಡ್ವಾನ್ಸು ಮೂರೂವರೆ ಲಕ್ಷ ಬೇರೆ. ಆದ್ದರಿಂದ ಹೊಸದಾಗಿ ಕೊಳ್ಳುವವರು ಅಗ್ರಿಮೆಂಟಿಗೆ ಮುಂಚೆ ಪ್ರತಿ ಬಾಗಿಲಿನ ಕರಾರುಪತ್ರ ಕೇಳಿ ಪಡೆಯಬೇಕು, ಪ್ರತಿ ಮನೆಯವರ ಬಾಯಿಂದಲೂ ಎಷ್ಟು ಕೊಟ್ಟಿದ್ದೀರಿ ಎಂದು ಕೇಳಬೇಕು, ಅಷ್ಟನ್ನೂ ಬೆಲೆಯಲ್ಲಿ ಕಳೆಸಬೇಕು. ಹಾಗೆ ಕಳೆದದ್ದು ಕ್ರಯಪತ್ರದಲ್ಲಿ ಬರಹದಲ್ಲಿ ಇರಬೇಕು. ಬಾಯಿಮಾತಿಗೆ ‘ಅದು ನಾನು ನೋಡ್ಕೋತೀನಿ ಬಿಡಿ’ ಎಂದವರು ಆಮೇಲೆ ನೋಡಲೂ ಸಿಗುವುದಿಲ್ಲ.

ಅಡ್ವಾನ್ಸಿನ ವಿಷಯದಲ್ಲಿ ನನ್ನ ಬುದ್ಧಿಗೇಡಿತನವನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಮುಂಗಡ ಹಿಡಿಯುವುದು ಬಹುಕಾಲದ ವಾಡಿಕೆ. ಈಗ ಹಲವೆಡೆ ಐದಾರಕ್ಕೆ ಇಳಿದಿದೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಎನ್ನುತ್ತದೆ. ಆದರೆ ಮಾದರಿ ಮಾದರಿಯೇ, ರಾಜ್ಯ ಒಪ್ಪಿ ತಂದರೆ ಮಾತ್ರ ಕಾನೂನು. ನಾನು ನಾಲ್ಕು ಮನೆಯ ಅಡ್ವಾನ್ಸನ್ನೂ ಮಗಳ ಮದುವೆಗೆ ಖರ್ಚು ಮಾಡಿ ಕೂತಿದ್ದೆ. 2020ರಲ್ಲಿ ಕೋವಿಡ್ ಬಂತು. ಜುಲೈ ಒಂದೇ ತಿಂಗಳಲ್ಲಿ ಮೂರು ಮನೆಯವರು ಊರಿಗೆ ಹೊರಟು ನಿಂತರು. ಒಬ್ಬ ಟೆಂಪೊ ತಂದು ಸಾಮಾನು ತುಂಬಿಸಿ, ಮೆಟ್ಟಿಲ ಮೇಲೆ ಕೂತು ಹಣಕ್ಕೆ ಕಾದ. ಹೆಂಡತಿಯ ಬಳೆ ಅಡವಿಟ್ಟು ಕೊಟ್ಟೆ. ಅವಳು ಇವತ್ತಿಗೂ ಆ ಟೆಂಪೊದ ಬಣ್ಣ ಹೇಳುತ್ತಾಳೆ. ಅಂದಿನಿಂದ ಅಡ್ವಾನ್ಸು ಬೇರೆ ಖಾತೆಯಲ್ಲಿದೆ, ಅದರ ಪಾಸ್‌ಬುಕ್ಕು ಅವಳ ಕೈಯಲ್ಲಿದೆ.

ಕಾಗದ, ಕರೆಂಟು

ದಾಖಲೆಗಳ ಬಗ್ಗೆ ಎಲ್ಲರೂ ಹೇಳುತ್ತಾರೆ: ಮೂಲಪತ್ರದಿಂದ ಇವತ್ತಿನವರೆಗೆ ಕೊಂಡಿ ತಪ್ಪಿರಬಾರದು, ಋಣಭಾರ ಪತ್ರ ತೆಗೆಸಿ, ವಕೀಲರಿಗೆ ತೋರಿಸಿ, ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಸರಿಯಾದ ಮಾತು, ಹೆಚ್ಚು ವಿವರಿಸುವುದಿಲ್ಲ. ಜನ ಎಡವುವುದು ಬೇರೆ ಕಡೆ. ಖಾತಾ ಸರಿ ಇದೆ ಎಂದ ಮಾತ್ರಕ್ಕೆ ಕಟ್ಟಡ ಸರಿ ಇದೆ ಎಂದುಕೊಳ್ಳುತ್ತಾರೆ. ಎ ಖಾತಾ ಸೈಟಿನ ಮೇಲೆ ನಕ್ಷೆ ಮೀರಿದ ಕಟ್ಟಡ ಧಾರಾಳವಾಗಿ ಇರಬಹುದು. 2025ರ ಕೊನೆಯಲ್ಲಿ ಶುಲ್ಕ ಕಟ್ಟಿಸಿಕೊಂಡು ಬಿ ಖಾತಾವನ್ನು ಎ ಖಾತಾ ಮಾಡಿಕೊಡುವ ಯೋಜನೆ ಬಂದಾಗಲೂ ಅನೇಕರು ಹೀಗೇ ಸಂಭ್ರಮಪಟ್ಟರು. ಅದು ನೆಲದ ಮಾತು, ಮೇಲಿನ ಅಂತಸ್ತಿನದಲ್ಲ. ಅಕ್ರಮ–ಸಕ್ರಮ ಬರುತ್ತದೆ ಎಂದು ಕಾಯುತ್ತಿರುವವರಿಗೆ ಒಂದು ನೆನಪು: ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು 2017ರ ಜನವರಿಯಲ್ಲಿ.

2024ರ ಡಿಸೆಂಬರಿನಲ್ಲಿ ಅದೇ ಕೋರ್ಟು, ಸ್ವಾಧೀನಾನುಭವ ಪತ್ರ, ಅಂದರೆ ಜನ ಹೇಳುವ ಓಸಿ, ಇಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಕೊಡಬಾರದೆಂದಿತು. ಆಮೇಲಿನ ತಿಂಗಳುಗಳಲ್ಲಿ ಮನೆ ಕಟ್ಟಿ ಮುಗಿಸಿಯೂ ಕರೆಂಟಿಲ್ಲದೆ, ಕಟ್ಟಡ ಕಟ್ಟಲು ಪಡೆದ ತಾತ್ಕಾಲಿಕ ಸಂಪರ್ಕದ ದುಬಾರಿ ಕರೆಂಟಿನಲ್ಲಿ ಬಾಡಿಗೆದಾರರನ್ನು ಇಟ್ಟುಕೊಂಡವರು ಬೇಕಾದಷ್ಟು ಜನ. 1,200 ಚದರ ಅಡಿವರೆಗಿನ ಸೈಟುಗಳಲ್ಲಿ ಇಂತಿಷ್ಟೇ ಅಂತಸ್ತಿನ ವಾಸದ ಮನೆಗಳಿಗೆ ರಾಜ್ಯ ಸರ್ಕಾರ 2025ರಲ್ಲಿ ಓಸಿಯಿಂದ ವಿನಾಯಿತಿ ಕೊಟ್ಟಿತು. ಮೂವತ್ತು ನಲವತ್ತು ಎಂದರೆ ಸರಿಯಾಗಿ ಅದೇ 1,200. ನಾವು ನೋಡಿದ ಕಟ್ಟಡವೂ ಅದರೊಳಗೆ ಬರಬಹುದಿತ್ತು, ತಿಂಗಳಿಗೆ ಎಂಟು ಸಾವಿರದ ಆಸೆಗೆ ತಾರಸಿಯ ಮೇಲೆ ಆ ರೂಮು ಕಟ್ಟದೆ ಇದ್ದಿದ್ದರೆ.

ಅಂತಸ್ತಿನ ಆಸೆಗೆ ಬೇರೆ ಬೆಲೆಯೂ ಇದೆ. 2024ರ ಅಕ್ಟೋಬರಿನ ಮಳೆಯಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಕೂಲಿಗಾರರು ಸತ್ತರು. ಎರಡಂತಸ್ತಿಗೆ ಹಾಕಿದ ಕಂಬದ ಮೇಲೆ ನಾಲ್ಕಂತಸ್ತು ನಿಂತಿದೆಯೇ ಎಂಬುದನ್ನು ವಕೀಲರು ಹೇಳಲಾರರು. ಎರಡೂವರೆ ಕೋಟಿ ಕೊಡುವವರು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ಕೆಲವು ಸಾವಿರ ಕೊಡಲು ಹಿಂದೆಮುಂದೆ ನೋಡುತ್ತಾರೆ. ವಾಸ್ತುವಿನವರಿಗೆ ಕೊಡಲು ಮಾತ್ರ ನೋಡುವುದಿಲ್ಲ.

ಸಂಪಿನ ನಂತರ ನೋಡಬೇಕಾದ್ದು ಮೀಟರ್ ಬೋರ್ಡು. ಮನೆಗೊಂದು ಬೆಸ್ಕಾಂ ಮೀಟರ್, ಅದಕ್ಕೊಂದು ಆರ್.ಆರ್. ನಂಬರ್ ಇರಬೇಕು. ಒಂದೇ ಮೀಟರಿಗೆ ಒಳಗೆ ಸಬ್ ಮೀಟರ್ ಹಾಕಿ ಹಂಚಿದ್ದರೆ, ಬಾಡಿಗೆದಾರರು ಗೃಹಜ್ಯೋತಿಗೆ ತಮ್ಮ ಹೆಸರಲ್ಲಿ ನೋಂದಾಯಿಸಿಕೊಳ್ಳುವುದು ಹೇಗೆ? 2023ರಲ್ಲಿ ಆ ಯೋಜನೆ ಬಂದ ಮೇಲೆ ಮನೆ ನೋಡಲು ಬರುವವರು ಬಾಡಿಗೆಗೂ ಮುಂಚೆ ಕೇಳುವುದು ಇದನ್ನೇ: "ಮೀಟರ್ ಸಪರೇಟಾ?" ಇದಲ್ಲದೆ ಬಾತ್‌ರೂಮಿನ ಕೆಳಗಿನ ಸೂರು ನೋಡಿ. ಎಷ್ಟು ಬಣ್ಣ ಬಳಿದರೂ ಒಸರಿದ ನೀರು ನಕ್ಷೆ ಬರೆದಿರುತ್ತದೆ. ಮಳೆ ಬಿದ್ದ ಮಾರನೆಯ ದಿನವೇ ಮನೆ ನೋಡಲು ಹೋಗುವುದು ಒಳ್ಳೆಯದು. ಮಾರುವವರು ಮಾರ್ಚಿನಲ್ಲಿ ತೋರಿಸಲು ಇಷ್ಟಪಡುತ್ತಾರೆ.

ಒಳಗಿರುವವರು

‘ಸಸ್ಯಾಹಾರಿಗಳಿಗೆ ಮಾತ್ರ’, ‘ಬ್ಯಾಚುಲರ್‌ಗಳಿಗಿಲ್ಲ’ ಎಂಬ ಬೋರ್ಡುಗಳನ್ನು ನಮ್ಮಲ್ಲಿ ನಾಚಿಕೆಯಿಲ್ಲದೆ ತೂಗುಹಾಕುತ್ತಾರೆ. ಬೋರ್ಡಿಲ್ಲದೆಯೇ ಜಾತಿ, ಧರ್ಮ ಕೇಳಿ ತಿಳಿದುಕೊಳ್ಳುವ ನಯವಾದ ವಿಧಾನಗಳೂ ಇವೆ. ನನಗೆ ಇದು ಹೇಸಿಗೆ. ವ್ಯಾಪಾರದ ದೃಷ್ಟಿಯಿಂದಲೂ ದಡ್ಡತನ. ಬಾಗಿಲು ಬಡಿಯುವ ಹತ್ತು ಜನರಲ್ಲಿ ಆರು ಜನರನ್ನು ನೀವೇ ಅಟ್ಟಿ, ಮನೆ ಮೂರು ತಿಂಗಳಿಂದ ಖಾಲಿ ಎಂದು ಗೊಣಗಿದರೆ ಯಾರನ್ನು ದೂರುವುದು? ನಾನು ಕೇಳುವುದು ಎರಡೇ ಪ್ರಶ್ನೆ: ಎಲ್ಲಿ ಕೆಲಸ, ಹಿಂದಿನ ಮನೆ ಯಾಕೆ ಬಿಟ್ಟಿರಿ. ಹಿಂದಿನ ಓನರಿಗೆ ಒಂದು ಫೋನು ಮಾಡುತ್ತೇನೆ. ಕೋಳಿ ತಿನ್ನುವವರಿಂದ ನನಗೆ ಇವತ್ತಿನವರೆಗೆ ಬಾಡಿಗೆ ಬಾಕಿ ಉಳಿದಿಲ್ಲ. ಉಳಿಸಿಹೋದವರು ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದ ಮನೆಯವರು.

ಕರಾರುಪತ್ರ ಹನ್ನೊಂದು ತಿಂಗಳಿಗೇ ಯಾಕೆ ಎಂದು ಹೊಸಬರು ಕೇಳುತ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು, ಅದನ್ನು ತಪ್ಪಿಸಲು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಎಂಬುದೊಂದಿದೆ, ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಆ ಬಾಡಿಗೆಗೆ ಇಂದು ಸ್ಕೂಟರ್ ನಿಲ್ಲಿಸುವ ಶೆಡ್ಡು ಸಿಕ್ಕೀತು. ಹಾಗಾಗಿ ನಿಮಗೂ ಬಾಡಿಗೆದಾರರಿಗೂ ನಡುವೆ ಉಳಿಯುವ ಕಾನೂನು ಬಹುಪಾಲು ನೀವು ಸಹಿ ಹಾಕಿದ ಆ ಕಾಗದವೇ. ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತೀರಿ, ವರ್ಷಕ್ಕೆ ಶೇ ಎಷ್ಟು ಏರಿಸುತ್ತೀರಿ, ಟ್ಯಾಂಕರಿನ ದುಡ್ಡು ಯಾರದು ಎಂಬುದು ಅದರಲ್ಲೇ ಇರಲಿ. ಜಗಳಗಳೆಲ್ಲ ಹುಟ್ಟುವುದು ಬರೆಯದೆ ಬಿಟ್ಟ ಈ ಮೂರರಿಂದ.

ಇಷ್ಟೆಲ್ಲ ರಗಳೆ ಯಾಕೆ, ಇಡೀ ಕಟ್ಟಡವನ್ನು ಪಿಜಿ ನಡೆಸುವವರಿಗೆ ಒಟ್ಟಿಗೆ ಕೊಟ್ಟುಬಿಡೋಣ ಎಂಬ ಆಸೆ ಎಲ್ಲ ಮಾಲೀಕರಿಗೂ ಒಮ್ಮೆ ಬರುತ್ತದೆ. ಮಾರತ್‌ಹಳ್ಳಿ, ಬಿಟಿಎಂ ಕಡೆ ಬೀದಿಗೆ ಬೀದಿಯೇ ಹೀಗಾಗಿದೆ. ಬಾಡಿಗೆ ಹೆಚ್ಚು, ತಲೆನೋವು ಒಬ್ಬರದೇ. ಆದರೆ ಆ ಒಬ್ಬರು ಹೋದ ದಿನ ಏಳೂ ಬಾಗಿಲು ಒಟ್ಟಿಗೆ ಖಾಲಿ. 2020ರಲ್ಲಿ ಐಟಿ ಹುಡುಗರು ಲ್ಯಾಪ್‌ಟಾಪ್ ಹಿಡಿದು ಊರಿಗೆ ಹೋದಾಗ ಆ ಬೀದಿಗಳಲ್ಲಿ ಉಳಿದದ್ದು ಬೋರ್ಡುಗಳು ಮಾತ್ರ. ಪಾಲಿಕೆ 2024ರಲ್ಲಿ ಒಬ್ಬೊಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ ಇರಬೇಕೆಂದು ನಿಯಮ ತಂದಿದೆ. ಒಂದು ರೂಮಿಗೆ ಐದು ಮಂಚ ಹಾಕಿ ಹೇಳಿದ ಬಾಡಿಗೆಯ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಬೆಂಗಳೂರೇ ಆಗಬೇಕೆಂದೂ ಇಲ್ಲ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಸಣ್ಣ ಸಣ್ಣ ಕೋಣೆಗಳನ್ನು ತುಂಬಿಕೊಂಡಿದ್ದಾರೆ. ಮಣಿಪಾಲದಲ್ಲಿ ಕಾಲೇಜೇ ಊರು. ಒಂದೇ ಕಾಲೇಜು, ಒಂದೇ ಪರೀಕ್ಷೆ ನೆಚ್ಚಿಕೊಂಡ ಬಾಡಿಗೆಗೆ ಆ ಊರಿನ ಋತುಮಾನ ತಿಳಿದಿರಬೇಕು ಅಷ್ಟೇ. ಆದರೆ ಬೆಂಗಳೂರಿನಲ್ಲಿ ಕೂತು ಧಾರವಾಡದ ನಲ್ಲಿ ಸರಿಮಾಡಿಸುತ್ತೇನೆ ಎನ್ನುವವರಿಗೆ ನನ್ನ ಓನರಮ್ಮನ ಕಥೆಯನ್ನು ಇನ್ನೊಮ್ಮೆ ಹೇಳಬೇಕಾಗುತ್ತದೆ.

ಮೇಷ್ಟ್ರು ಆ ಕಟ್ಟಡ ಬಿಟ್ಟರು. ಬ್ರೋಕರು ಎರಡು ತಿಂಗಳು ಫೋನ್ ಮಾಡಿದ, ಬೆಲೆ ಇಪ್ಪತ್ತು ಲಕ್ಷ ಇಳಿದಿದೆ ಎಂದ. ಆರು ತಿಂಗಳು ಭಾನುವಾರ ಭಾನುವಾರ ಅಲೆದು, ಕೊನೆಗೆ ಕೆಂಗೇರಿಯ ಆಚೆ ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮಹಡಿಗೊಂದರಂತೆ ಮೂರು ಮನೆ ಇದ್ದ ಒಂದನ್ನು ಹಿಡಿದರು. ಕಟ್ಟಿಸಿದವರು ತಾವಿರಲೆಂದು ಕಟ್ಟಿಸಿ, ಮಗಳ ಊರಿಗೆ ಹೋಗುವವರಿದ್ದರು. ಬಣ್ಣ ಮಾಸಿತ್ತು. ನಕ್ಷೆಯಲ್ಲಿದ್ದಷ್ಟೇ ಕಟ್ಟಡ, ಮೂರು ಮೀಟರ್, ಮನುಷ್ಯ ನಿಂತರೆ ತಲೆ ಕಾಣದಷ್ಟು ಆಳದ ಸಂಪು. ಮಗನಿಗೆ ಸಾಲ ಇಪ್ಪತ್ತೈದು ಲಕ್ಷ ಮೀರಲಿಲ್ಲ. ನೆಲಮಹಡಿಗೆ ಮೇಷ್ಟ್ರು ತಾವೇ ಬಂದರು, ಮೇಲಿನ ಎರಡು ಬಾಡಿಗೆಗೆ. ಒಂದರಲ್ಲಿ ಬಿಎಂಟಿಸಿ ಕಂಡಕ್ಟರ್ ಸಂಸಾರ, ಇನ್ನೊಂದರಲ್ಲಿ ಇಬ್ಬರು ನರ್ಸ್ ಹುಡುಗಿಯರು.

ಹಾಲು ಉಕ್ಕಿಸಿ ಹನ್ನೊಂದನೆಯ ದಿನ ಬೆಳಿಗ್ಗೆ ಆರೂಕಾಲಿಗೆ ಫೋನ್ ಬಂತು. ಮೇಷ್ಟ್ರ ದನಿ ತೆಳುವಾಗಿತ್ತು. "ಮೇಲಿನ ಮಕ್ಕಳು ಬಾಗಿಲು ಬಡಿದ್ರು ಕಣ್ರೀ. ಡ್ಯೂಟಿಗೆ ಹೋಗ್ಬೇಕಂತೆ, ನಲ್ಲೀಲಿ ನೀರಿಲ್ಲ. ಮೋಟರ್ ಹಾಕಿದ್ರೆ ಗುರ್ ಅಂತದೆ, ಎತ್ತಲ್ಲ. ಸಂಪಲ್ಲಿ ನೀರು ತುಂಬಾ ಇದೆ, ಮುಚ್ಚಳ ತೆಗೆದು ನೋಡಿದೆ. ನಿಮ್ಮ ಹತ್ರ ಮೋಟರ್ ರಿಪೇರಿಯವನ ನಂಬರ್ ಇದೆಯೇ?"

ಇತ್ತು. ಕಳಿಸಿದೆ. ಅವನು ಎಂಟಕ್ಕೆ ಮುಂಚೆ ಫೋನ್ ಎತ್ತುವುದಿಲ್ಲ, ಅಲ್ಲಿಯವರೆಗೆ ಹಗ್ಗ, ಬಕೆಟ್ಟು ಕೊಡಿ ಎಂದೂ ಬರೆದೆ.